ಗಡಿಯಾರಕ್ಕೆ ಸಿಗದ ಓಟ: ವಿಶ್ವ ಕೂಟಗಳಲ್ಲಿ ಪುರುಷರ ಸ್ಟೀಪಲ್‌ಚೇಸ್

(ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕ್ರೀಡಾಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

2023ರ ಜೂನ್ 9ರಂದು ಪ್ಯಾರಿಸ್‌ನ ಡೈಮಂಡ್ ಲೀಗ್ ಕೂಟದಲ್ಲಿ ಇಥಿಯೋಪಿಯಾದ ಲಮೆಚಾ ಗಿರ್ಮಾ ಅವರು 3000 ಮೀಟರ್ ಸ್ಟೀಪಲ್‌ಚೇಸ್ ಓಟವನ್ನು, ಅಂದರೆ ತಡೆಗಳನ್ನೂ ನೀರಿನ ಗುಂಡಿಗಳನ್ನೂ ಹಾರುತ್ತ ಓಡುವ ಸ್ಪರ್ಧೆಯನ್ನು, 7 ನಿಮಿಷ 52.11 ಸೆಕೆಂಡುಗಳಲ್ಲಿ ಮುಗಿಸಿ, ಹದಿನೆಂಟು ವರ್ಷಗಳಿಗೂ ಮಿಕ್ಕಿ ಅಲುಗಾಡದೆ ಉಳಿದಿದ್ದ ವಿಶ್ವದಾಖಲೆಯನ್ನು ಮುರಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಚಿನ್ನ ಗೆದ್ದವರು ಮೊರಾಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿ, ಗಿರ್ಮಾ ಎರಡನೆಯವರಾದರು. ಅವರು ಅಂದು ತೆಗೆದುಕೊಂಡ ಕಾಲ 8 ನಿಮಿಷ 5.44 ಸೆಕೆಂಡು, ಅಂದರೆ ತಮ್ಮದೇ ದಾಖಲೆಗಿಂತ ಹದಿಮೂರು ಸೆಕೆಂಡು ಹೆಚ್ಚು. ದೋಹಾದ 2019ರ ವಿಶ್ವ ಚಾಂಪಿಯನ್‌ಷಿಪ್, ಟೋಕಿಯೊ ಒಲಿಂಪಿಕ್ಸ್, ಯೂಜೀನ್‌ನ 2022ರ ವಿಶ್ವ ಚಾಂಪಿಯನ್‌ಷಿಪ್ ಮತ್ತು ಬುಡಾಪೆಸ್ಟ್, ಹೀಗೆ ಈ ನಾಲ್ಕು ಕಡೆಯೂ ಅವರಿಗೆ ಸಿಕ್ಕಿದ್ದು ಬೆಳ್ಳಿ. ಜಗತ್ತಿನ ಅತಿ ವೇಗದ ಸ್ಟೀಪಲ್‌ಚೇಸ್ ಓಟಗಾರನಿಗೆ ಚಿನ್ನ ಮಾತ್ರ ಹೀಗೆ ಮತ್ತೆ ಮತ್ತೆ ತಪ್ಪಿದ್ದೇಕೆ ಎಂಬ ಪ್ರಶ್ನೆಯನ್ನು ಅದೃಷ್ಟದ ತಲೆಗೆ ಕಟ್ಟಿ ಮುಗಿಸಿಬಿಡಬಹುದು. ನಾನು ಹಾಗೆ ಮಾಡಲಾರೆ. ದಾಖಲೆಗಾಗಿ ಓಡುವ ಸ್ಟೀಪಲ್‌ಚೇಸ್ ಮತ್ತು ಪದಕಕ್ಕಾಗಿ ಓಡುವ ಸ್ಟೀಪಲ್‌ಚೇಸ್ ಹೆಸರಿಗೆ ಮಾತ್ರ ಒಂದೇ ಸ್ಪರ್ಧೆ, ಒಳಗೆ ಎರಡು ಬೇರೆ ಬೇರೆ ಆಟಗಳು ಎಂಬುದು ನನ್ನ ಅಭಿಪ್ರಾಯ. ಇಂದಿನ ಮಾತೆಲ್ಲ ಈ ಒಂದು ವಿಷಯದ ಮೇಲೆಯೇ ಇರುತ್ತದೆ.

ಮೊದಲು ಟ್ರ್ಯಾಕಿನ ಮೇಲೆ ಏನಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಓಟದ ದೂರ 3000 ಮೀಟರ್. ದಾರಿಯಲ್ಲಿ 28 ಒಣ ತಡೆಗಳು ಮತ್ತು 7 ನೀರಿನ ಜಿಗಿತಗಳು, ಒಟ್ಟು 35 ಬಾರಿ ಹಾರಬೇಕು. ಓಟ ಆರಂಭವಾದ ಕೂಡಲೇ ತಡೆಗಳು ಎದುರಾಗುವುದಿಲ್ಲ. ಮೊದಲ ಇನ್ನೂರಕ್ಕೂ ಹೆಚ್ಚು ಮೀಟರು ಬಯಲು ಓಟ, ಆಮೇಲೆ ಏಳು ಪೂರ್ಣ ಸುತ್ತುಗಳು, ಸುತ್ತಿಗೆ ಐದು ತಡೆಗಳು, ಆ ಐದರಲ್ಲಿ ನಾಲ್ಕನೆಯದು ನೀರಿನದು. ಪುರುಷರ ತಡೆಯ ಎತ್ತರ 91.4 ಸೆಂಟಿಮೀಟರ್. 400 ಮೀಟರ್ ಹರ್ಡಲ್ಸ್ ಓಟದ ಹರ್ಡಲ್ ಕೂಡ ಅಷ್ಟೇ ಎತ್ತರದ್ದು, ಆದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಹರ್ಡಲ್ ಕಾಲಿಗೆ ತಾಗಿದರೆ ಬೀಳುತ್ತದೆ. ಸ್ಟೀಪಲ್‌ಚೇಸ್ ತಡೆ ಬೀಳುವುದಿಲ್ಲ, ಓಟಗಾರ ಬೀಳುತ್ತಾನೆ. ಅದರ ತೂಕ 80ರಿಂದ 100 ಕಿಲೋ. ಮೇಲಿನ ದಿಮ್ಮಿ 12.7 ಸೆಂಟಿಮೀಟರ್ ದಪ್ಪದ ಚೌಕ ಮರ, ಅದರ ಮೇಲೆ ಪಾದ ಊರಿ ದಾಟಲು ನಿಯಮದಲ್ಲಿ ಅವಕಾಶವಿದೆ. ಒಂದು ತಡೆ ಸುಮಾರು ನಾಲ್ಕು ಮೀಟರ್ ಅಗಲವಾಗಿ ಒಳಗಿನ ಮೂರು ಲೇನ್‌ಗಳಿಗೆ ಅಡ್ಡಲಾಗಿ ನಿಂತಿರುತ್ತದೆ, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ತಡೆ ಎಂಬುದಿಲ್ಲ. ಹದಿನೈದು ಜನರ ಗುಂಪು ಒಂದೇ ದಿಮ್ಮಿಯ ಮೇಲೆ ಒಂದೇ ಹೊತ್ತಿಗೆ ದಾಟಬೇಕು. ಜಾತ್ರೆಯ ದಿನ ಬಸ್ಸಿನ ಒಂದೇ ಬಾಗಿಲಿಗೆ ಇಡೀ ಊರು ನುಗ್ಗಿದಂತೆ ಎಂದರೆ ಪೂರ್ತಿ ಉತ್ಪ್ರೇಕ್ಷೆಯಲ್ಲ. ವ್ಯತ್ಯಾಸವೆಂದರೆ ಇಲ್ಲಿ ಎಲ್ಲರ ಕಾಲಿಗೂ ಮೊಳೆಯ ಬೂಟು ಇರುತ್ತದೆ.

ನೀರಿನ ಗುಂಡಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಟಿ.ವಿ.ಯಲ್ಲಿ ನೋಡುವವರಿಗೆ ಅದು ಬರೀ ತಮಾಷೆಯಾಗಿ ಕಾಣುತ್ತದೆ. ಗುಂಡಿಯ ಉದ್ದ 3.66 ಮೀಟರ್. ತಡೆಯ ಬುಡದಲ್ಲಿ ಅದು ಅತ್ಯಂತ ಆಳ. ಅಲ್ಲಿಂದ ತಳ ಇಳಿಜಾರಾಗಿ ಮೇಲೇರುತ್ತ ಬಂದು ಕೊನೆಯಲ್ಲಿ ಟ್ರ್ಯಾಕಿನ ಮಟ್ಟಕ್ಕೆ ಸೇರುತ್ತದೆ. ಈ ಇಳಿಜಾರಿನಲ್ಲಿಯೇ ಲೆಕ್ಕಾಚಾರ ಅಡಗಿದೆ. ದೂರ ಹಾರಿದವನಿಗೆ ನೀರು ಪಾದ ಮುಳುಗುವಷ್ಟು, ಹತ್ತಿರ ಬಿದ್ದವನಿಗೆ ಮೊಣಕಾಲಿನವರೆಗೆ. ಒಬ್ಬ ಒಳ್ಳೆಯ ಓಟಗಾರ ಗುಂಡಿಯ ಬಳಿ ಬರುವಾಗ ವೇಗವನ್ನು ತುಸು ಹೆಚ್ಚಿಸಿಕೊಳ್ಳುತ್ತಾನೆ, ಒಂದು ಪಾದವನ್ನು ದಿಮ್ಮಿಯ ಮೇಲೆ ಊರುತ್ತಾನೆ, ಆ ಮೊಣಕಾಲನ್ನು ಮಡಿಚಿಟ್ಟುಕೊಂಡೇ ಮೈಯನ್ನು ದಿಮ್ಮಿಯ ಮೇಲಿಂದ ಮುಂದಕ್ಕೆ ಸಾಗಲು ಬಿಡುತ್ತಾನೆ, ಆಮೇಲೆ ಹಿಂದಕ್ಕೆ ಒದೆಯುತ್ತಾನೆ. ಈ ಒದೆತ ಮೈಯನ್ನು ಮೇಲಕ್ಕೆ ಎತ್ತಬಾರದು, ಮುಂದಕ್ಕೆ ತಳ್ಳಬೇಕು. ದಿಮ್ಮಿಯ ಮೇಲೆ ನೆಟ್ಟಗೆ ಎದ್ದು ನಿಂತವನು ಎತ್ತರದಿಂದ ಧೊಪ್ಪೆಂದು ಇಳಿದು, ನೀರಿನಲ್ಲಿ ನಿಂತೇಬಿಡುತ್ತಾನೆ; ಅವನು ಮತ್ತೆ ಓಟಕ್ಕೆ ಮರಳುವಷ್ಟರಲ್ಲಿ ಪಕ್ಕದವನು ಎರಡು ಮೀಟರು ಮುಂದಿರುತ್ತಾನೆ. ಸರಿಯಾಗಿ ದಾಟಿದವನ ಒಂದು ಪಾದ ಗುಂಡಿಯ ಕೊನೆಯ ತೆಳು ನೀರಿಗೆ ತಾಗುತ್ತದೆ, ಮುಂದಿನ ಹೆಜ್ಜೆ ಒಣ ನೆಲದ ಮೇಲೆ. ಈಗೀಗ ದಿಮ್ಮಿಯನ್ನು ಮುಟ್ಟದೆ ಹರ್ಡಲ್ಸ್‌ನಂತೆ ಹಾರುವವರೂ ಇದ್ದಾರೆ, ಆದರೆ ದಣಿದ ಕಾಲಿಗೆ ಅದು ಅಪಾಯದ ಆಯ್ಕೆ.

ಈಗ ಮೂಲ ಪ್ರಶ್ನೆಗೆ ಬರೋಣ. ದಾಖಲೆಯ ಓಟಕ್ಕೆ ಪೇಸ್‌ಮೇಕರ್‌ಗಳು, ಅಂದರೆ ನಿಗದಿತ ವೇಗ ಹಿಡಿದುಕೊಡಲು ಮುಂದೆ ಓಡುವವರು, ಇರುತ್ತಾರೆ. ಮೊದಲ ಸಾವಿರ, ಎರಡನೆಯ ಸಾವಿರ ಮೀಟರಿಗೆ ಇಷ್ಟು ಕಾಲ ಎಂದು ಮೊದಲೇ ಮಾತಾಗಿರುತ್ತದೆ. ಇತ್ತೀಚೆಗೆ ಟ್ರ್ಯಾಕಿನ ಅಂಚಿನಲ್ಲಿ ದೀಪಗಳು ನಿಗದಿತ ವೇಗದಲ್ಲಿ ಮುಂದೆ ಮುಂದೆ ಬೆಳಗುತ್ತ ಹೋಗುತ್ತವೆ, ಗಿರ್ಮಾ ದಾಖಲೆ ಬರೆದ ರಾತ್ರಿಯೂ ಅವು ಇದ್ದವು. ಗುಂಪು ಬೇಗನೆ ಉದ್ದಕ್ಕೆ ಚದುರುತ್ತದೆ, ಮುಂದಿರುವವನಿಗೆ ಪ್ರತಿ ತಡೆಯೂ ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತದೆ, ಹೆಜ್ಜೆಗಳನ್ನು ಹೊಂದಿಸಿಕೊಳ್ಳಲು ಸಮಯವಿರುತ್ತದೆ. ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇದಾವುದೂ ಇಲ್ಲ. ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಲು ಯಾರಿಗೂ ಮನಸ್ಸಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾರೆ, ವೇಗ ಇಳಿಯುತ್ತದೆ, ವೇಗ ಇಳಿದಷ್ಟೂ ಗುಂಪು ಬಿಗಿಯಾಗುತ್ತದೆ, ಗುಂಪು ಬಿಗಿಯಾದಷ್ಟೂ ನಡುವಿರುವವನಿಗೆ ತಡೆ ಕಾಣುವುದಿಲ್ಲ. ಮುಂದಿನವನ ಬೆನ್ನು ಏಕಾಏಕಿ ಮೇಲೆದ್ದಾಗಲೇ ಅಲ್ಲಿ ತಡೆಯಿದೆ ಎಂದು ಅವನಿಗೆ ಗೊತ್ತಾಗುವುದು. ಆಗ ಎಡಗಾಲು ಮುಂದೆ ಬಂದಿದ್ದರೆ ಎಡಗಾಲಿನಲ್ಲಿ, ಬಲಗಾಲು ಬಂದಿದ್ದರೆ ಬಲಗಾಲಿನಲ್ಲಿ ಹಾರಬೇಕು. ಒಂದೇ ಕಾಲಿನ ಅಭ್ಯಾಸವಿರುವವನು ಅಲ್ಲಿ ಚಿಕ್ಕ ಹೆಜ್ಜೆ ಇಟ್ಟು ತಡವರಿಸುತ್ತಾನೆ, ಹಿಂದಿನವನು ಅವನ ಹಿಮ್ಮಡಿ ತುಳಿಯುತ್ತಾನೆ.

ಮೋಸೆಸ್ ಕಿಪ್ಟನುಯ್ ಅವರ 1995ರ ಆಗಸ್ಟ್ ತಿಂಗಳನ್ನು ಉದಾಹರಣೆಯಾಗಿ ನೋಡಿ. ಕೆನ್ಯಾದ ಈ ಓಟಗಾರ ಗೋಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 8 ನಿಮಿಷ 4.16 ಸೆಕೆಂಡುಗಳಲ್ಲಿ ಓಡಿ ಸತತ ಮೂರನೆಯ ಚಿನ್ನ ಗೆದ್ದರು. ಕೆಲವೇ ದಿನಗಳ ನಂತರ, ಆಗಸ್ಟ್ 16ರಂದು, ಜ್ಯೂರಿಕ್‌ನಲ್ಲಿ ಅದೇ ಕಾಲುಗಳು 7 ನಿಮಿಷ 59.18 ಸೆಕೆಂಡುಗಳಲ್ಲಿ ಓಡಿದವು. ಮನುಷ್ಯ ಮೊದಲ ಬಾರಿಗೆ ಎಂಟು ನಿಮಿಷದೊಳಗೆ ಸ್ಟೀಪಲ್‌ಚೇಸ್ ಮುಗಿಸಿದ್ದು ಅಂದು. ಎರಡೂ ಕಡೆ ಗೆದ್ದ ಕಿಪ್ಟನುಯ್ ಅಂಥವರು ಅಪರೂಪ. 1997ರಲ್ಲಿ ಅಥೆನ್ಸ್‌ನ ಫೈನಲ್‌ನಲ್ಲಿ ಬರ್ನಾರ್ಡ್ ಬರ್ಮಸಾಯ್ ಮೂರನೆಯವರಾದರು. ಅದೇ ತಿಂಗಳು ಕಲೋನ್‌ನಲ್ಲಿ 7 ನಿಮಿಷ 55.72 ಸೆಕೆಂಡುಗಳ ವಿಶ್ವದಾಖಲೆ ಅವರದಾಯಿತು. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಯಾರೂ ಎಂಟು ನಿಮಿಷದೊಳಗೆ ಓಡಿಲ್ಲ ಎಂಬುದನ್ನೂ ಗಮನಿಸಿ. ಕೂಟದ ದಾಖಲೆ 2009ರಲ್ಲಿ ಬರ್ಲಿನ್‌ನಲ್ಲಿ ಎಜೆಕಿಯೆಲ್ ಕೆಂಬೊಯ್ ಮಾಡಿದ 8 ನಿಮಿಷ 0.43 ಸೆಕೆಂಡು.

ದಾಖಲೆಯ ಓಟ ಬೇರೆ, ಪದಕದ ಓಟ ಬೇರೆ ಎಂಬ ನನ್ನ ಮಾತಿಗೆ ಒಂದು ದೊಡ್ಡ ಅಪವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ವೀಡನ್ನಿನ ಆಂಡರ್ಸ್ ಗಾರ್ಡೆರುಡ್ 8 ನಿಮಿಷ 8.02 ಸೆಕೆಂಡುಗಳಲ್ಲಿ ಚಿನ್ನ ಮತ್ತು ವಿಶ್ವದಾಖಲೆ ಎರಡನ್ನೂ ಒಟ್ಟಿಗೆ ತೆಗೆದುಕೊಂಡರು. ಆದರೆ ಆ ಓಟ ನೆನಪಿನಲ್ಲಿ ಉಳಿದಿರುವುದು ಬೇರೆ ಕಾರಣಕ್ಕೆ. ಪೂರ್ವ ಜರ್ಮನಿಯ ಫ್ರಾಂಕ್ ಬೌಮ್‌ಗಾರ್ಟ್ಲ್ ಕೊನೆಯ ತಡೆಯವರೆಗೂ ಗಾರ್ಡೆರುಡ್ ಅವರ ಬೆನ್ನಿಗೇ ಅಂಟಿಕೊಂಡು ಬಂದರು. ಅಲ್ಲಿ ಅವರ ಕಾಲು ದಿಮ್ಮಿಗೆ ತಗುಲಿತು, ನೆಲಕ್ಕೆ ಉರುಳಿದರು. ಪೋಲೆಂಡಿನ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ಅವರನ್ನು ದಾಟಿ ಬೆಳ್ಳಿಗೆ ಓಡಿದರು. ಬೌಮ್‌ಗಾರ್ಟ್ಲ್ ಎದ್ದು ಓಡಿ ಕಂಚು ಉಳಿಸಿಕೊಂಡರು. ಬಿದ್ದು ಎದ್ದು ಮುಗಿಸಿದ ಅವರ ಕಾಲ 8 ನಿಮಿಷ 10.36 ಸೆಕೆಂಡು, ಆ ಕಾಲಕ್ಕೆ ಅದು ಅಸಾಧಾರಣ ವೇಗ.

ಹಳೆಯ ಕಥೆಗಳನ್ನು ಬಹಳ ಬೇಗ ಮುಗಿಸುತ್ತೇನೆ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನಿಂದ ದೂರ 3000 ಮೀಟರಿಗೆ ನಿಂತಿತು. ಅದಕ್ಕೂ ಮೊದಲು ಒಂದೊಂದು ಕೂಟದಲ್ಲಿ ಒಂದೊಂದು ದೂರ. ದೂರ ಗೊತ್ತುಮಾಡಿದ ಮೇಲೂ 1932ರ ಲಾಸ್ ಏಂಜಲೀಸ್ ಫೈನಲ್‌ನಲ್ಲಿ ಸುತ್ತು ಎಣಿಸುವ ಅಧಿಕಾರಿ ಲೆಕ್ಕ ತಪ್ಪಿದ್ದರಿಂದ ಎಲ್ಲರೂ ಒಂದು ಸುತ್ತು ಹೆಚ್ಚು ಓಡಿದರು. ಫಿನ್‌ಲೆಂಡಿನ ವೊಲ್ಮಾರಿ ಇಸೊ-ಹೊಲ್ಲೊ ಬಹಳ ಮುಂದಿದ್ದರಿಂದ ಅವರಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು ಅಮೆರಿಕದ ಜೋ ಮೆಕ್‌ಕ್ಲಸ್ಕಿ ಅವರಿಗೆ: 3000 ಮೀಟರ್ ಮುಗಿದಾಗ ಎರಡನೆಯವರಾಗಿದ್ದ ಅವರು ಆ ಹೆಚ್ಚುವರಿ ಸುತ್ತಿನಲ್ಲಿ ಮೂರನೆಯವರಾದರು. ಮರು ಓಟ ಬೇಡವೆಂದು ಕಂಚನ್ನೇ ಒಪ್ಪಿಕೊಂಡರು. 1956ರ ಮೆಲ್ಬರ್ನ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬ್ರಾಶರ್ ಮೊದಲಿಗರಾಗಿ ಬಂದರೂ ನಾರ್ವೆಯ ಎರ್ನ್‌ಸ್ಟ್ ಲಾರ್ಸೆನ್ ಅವರಿಗೆ ಅಡ್ಡಿಪಡಿಸಿದರೆಂದು ಅನರ್ಹರಾದರು, ಮೇಲ್ಮನವಿಯ ಬಳಿಕ ಚಿನ್ನ ಮರಳಿತು. ಅಡ್ಡಿಗೊಳಗಾದರು ಎನ್ನಲಾದ ಲಾರ್ಸೆನ್ ಅವರೇ ಬ್ರಾಶರ್ ಪರವಾಗಿ ನಿಂತರು. ಸ್ಟೀಪಲ್‌ಚೇಸ್‌ನಲ್ಲಿ ಮೈಗೆ ಮೈ ತಾಗುವುದು ಸಹಜ, ಎಲ್ಲಿಗೆ ಸಹಜ ಮುಗಿದು ತಪ್ಪು ಶುರುವಾಗುತ್ತದೆ ಎಂಬ ತೀರ್ಮಾನ ಮಾತ್ರ ಇಂದಿಗೂ ಸುಲಭವಾಗಿಲ್ಲ.

ಆಮೇಲೆ ಬಂದದ್ದು ಕೆನ್ಯಾದ ಯುಗ. ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಮೆಕ್ಸಿಕೊ ನಗರದಲ್ಲಿ 1968ರಲ್ಲಿ ಅಮೋಸ್ ಬಿವೊಟ್ ಚಿನ್ನ ಗೆದ್ದರು. ಅವರ ಹಾರುವ ಶೈಲಿಯನ್ನು ಯಾವ ತರಬೇತುದಾರನೂ ಕಲಿಸಲಾರ. ನೀರಿನ ಗುಂಡಿಯನ್ನು ಇಡಿಯಾಗಿ ಜಿಗಿದು ಕಾಲು ಒದ್ದೆಯಾಗದಂತೆ ಆಚೆ ಇಳಿಯುತ್ತಿದ್ದರು. ಎಷ್ಟೋ ಶಕ್ತಿ ಪೋಲಾಗುವ ವಿಧಾನ ಅದು, ಆದರೂ ಗೆದ್ದರು. 1972ರಲ್ಲಿ ಮ್ಯೂನಿಕ್‌ನಲ್ಲಿ ಕಿಪ್ ಕೈನೊ ಗೆದ್ದರು. 1976 ಮತ್ತು 1980ರ ಒಲಿಂಪಿಕ್ಸ್‌ಗಳನ್ನು ಕೆನ್ಯಾ ಬಹಿಷ್ಕರಿಸಿತು. ಆ ಎರಡನ್ನು ಬಿಟ್ಟರೆ 1968ರಿಂದ 2016ರ ರಿಯೊವರೆಗೆ ಈ ಸ್ಪರ್ಧೆಯ ಪ್ರತಿ ಒಲಿಂಪಿಕ್ ಚಿನ್ನವೂ ಕೆನ್ಯಾಕ್ಕೇ ಹೋಯಿತು. 1992ರಲ್ಲಿ ಬಾರ್ಸಿಲೋನಾದಲ್ಲೂ 2004ರಲ್ಲಿ ಅಥೆನ್ಸ್‌ನಲ್ಲೂ ಮೂರೂ ಪದಕಗಳು ಅವರವೇ. 2015ರ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಂತೂ ಮೊದಲ ನಾಲ್ಕು ಸ್ಥಾನಗಳನ್ನು ಕೆನ್ಯಾದವರೇ ಹಂಚಿಕೊಂಡರು.

ಎತ್ತರದ ಪ್ರದೇಶದ ಗಾಳಿ, ಶಾಲೆಗೆ ಓಡಿ ಹೋಗುವ ಬಾಲ್ಯ ಇತ್ಯಾದಿ ಕಾರಣಗಳನ್ನು ನಾವೆಲ್ಲ ಕೇಳಿದ್ದೇವೆ. ಅವು ಸುಳ್ಳಲ್ಲ, ಆದರೆ ಅವು ಹತ್ತು ಸಾವಿರ ಮೀಟರಿಗೂ ಅನ್ವಯಿಸುವ ಕಾರಣಗಳು. ಸ್ಟೀಪಲ್‌ಚೇಸ್‌ನಲ್ಲಿ ಕೆನ್ಯಾಕ್ಕಿದ್ದ ವಿಶೇಷ ಅನುಕೂಲವೆಂದರೆ ಫೈನಲ್‌ನಲ್ಲಿ ಅವರದೇ ಮೂವರು, ಕೆಲವೊಮ್ಮೆ ನಾಲ್ವರು ಇರುತ್ತಿದ್ದರು ಎಂಬುದು. ಮೂವರು ಮುಂದೆ ನಿಂತು ವೇಗವನ್ನು ತಮಗೆ ಬೇಕಾದಾಗ ಏರಿಸಿ, ಬೇಕಾದಾಗ ಇಳಿಸಿ ಓಡಿದರೆ ಹಿಂದಿನವರು ತಡೆ ಕಾಣದ ಜಾಗದಲ್ಲೇ ಉಳಿಯಬೇಕಾಗುತ್ತಿತ್ತು. ಇದು ಕೆನ್ಯಾದವರ ಗುಣವನ್ನು ತಗ್ಗಿಸುವ ಮಾತಲ್ಲ. ಫೈನಲ್‌ಗೆ ಮೂವರನ್ನು ತರುವುದೇ ಒಂದು ದೊಡ್ಡ ಗುಣ.

ಆ ಕಾಲದ ಅತ್ಯಂತ ವಿಚಿತ್ರ ಅಧ್ಯಾಯ ಸೈಫ್ ಸಯೀದ್ ಶಾಹೀನ್ ಅವರದು. ಸ್ಟೀಫನ್ ಚೆರೊನೊ ಎಂಬ ಹೆಸರಿನಲ್ಲಿ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೆನ್ಯಾಕ್ಕೆ ಚಿನ್ನ ತಂದುಕೊಟ್ಟ ಇವರು ಮರುವರ್ಷ ಕತಾರ್ ಪೌರರಾಗಿ, ಹೊಸ ಹೆಸರಿನಲ್ಲಿ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದು ಕೆನ್ಯಾದ ಕೆಂಬೊಯ್ ಅವರನ್ನು ಸೋಲಿಸಿ ಚಿನ್ನ ಗೆದ್ದರು. ಅವರ ಅಣ್ಣ ಕ್ರಿಸ್ಟೊಫರ್ ಕೊಸ್ಗೆಯ್ 1999ರಲ್ಲಿ ಕೆನ್ಯಾದ ಪರವಾಗಿ ಇದೇ ಸ್ಪರ್ಧೆಯ ವಿಶ್ವ ಚಾಂಪಿಯನ್ ಆಗಿದ್ದವರು. ದೇಶ ಬದಲಿಸಿದವರಿಗೆ ಇರುವ ಕಾಯುವ ಅವಧಿಯನ್ನು ಸಡಿಲಿಸಲು ಕೆನ್ಯಾ ಒಪ್ಪದ ಕಾರಣ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಶಾಹೀನ್ ಓಡುವಂತಿರಲಿಲ್ಲ. ಅಲ್ಲಿ ಕೆಂಬೊಯ್ ಚಿನ್ನ ಗೆದ್ದರು. ಆ ಒಲಿಂಪಿಕ್ಸ್ ಮುಗಿದ ವಾರದೊಳಗೆ, ಸೆಪ್ಟೆಂಬರ್ 3ರಂದು ಬ್ರಸೆಲ್ಸ್‌ನಲ್ಲಿ, ಶಾಹೀನ್ 7 ನಿಮಿಷ 53.63 ಸೆಕೆಂಡುಗಳ ದಾಖಲೆ ಬರೆದರು. ಗಿರ್ಮಾ ಹತ್ತೊಂಬತ್ತನೆಯ ವರ್ಷ ಮುರಿದದ್ದು ಇದನ್ನೇ.

ಕೆಂಬೊಯ್ ಅವರ ಬಗ್ಗೆ ಎರಡು ಮಾತು ಹೆಚ್ಚು ಹೇಳಿದರೆ ಕ್ಷಮಿಸಬೇಕು. ಎರಡು ಒಲಿಂಪಿಕ್ ಚಿನ್ನ, 2009ರಿಂದ 2015ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ. ಗೆದ್ದ ಮೇಲೆ ಟ್ರ್ಯಾಕಿನ ಮೇಲೆಯೇ ಕುಣಿಯುತ್ತಿದ್ದುದರಿಂದ ಅನೇಕರು ಅವರನ್ನು ಹಗುರವಾಗಿ ತೆಗೆದುಕೊಂಡರು. ಆದರೆ ಫೈನಲ್ ಓಡುವುದನ್ನು ಅವರಷ್ಟು ಚೆನ್ನಾಗಿ ತಿಳಿದಿದ್ದವರು ಇನ್ನೊಬ್ಬರಿಲ್ಲ ಎಂದೇ ನನ್ನ ಎಣಿಕೆ. ಅವರ ಹೆಸರಿನಲ್ಲಿ ವಿಶ್ವದಾಖಲೆ ಎಂದೂ ಇರಲಿಲ್ಲ. ಅವರಿಗೆ ಅದರ ಅಗತ್ಯವೂ ಬೀಳಲಿಲ್ಲ. ಇಂಥವರೂ 2016ರಲ್ಲಿ ರಿಯೊದಲ್ಲಿ ಸಣ್ಣದೊಂದು ತಪ್ಪಿಗೆ ಬೆಲೆ ತೆತ್ತರು. ಮೂರನೆಯವರಾಗಿ ಓಟ ಮುಗಿಸಿದ ಅವರ ಹೆಜ್ಜೆ ನೀರಿನ ಜಿಗಿತದ ಬಳಿ ಟ್ರ್ಯಾಕಿನ ಒಳಗೆರೆಯ ಆಚೆ ಬಿದ್ದಿತ್ತು. ಫ್ರಾನ್ಸ್ ದೂರು ಕೊಟ್ಟಿತು, ಕೆಂಬೊಯ್ ಅನರ್ಹರಾದರು, ಕಂಚು ಫ್ರಾನ್ಸಿನ ಮಹಿಯೆದೀನ್ ಮೆಖಿಸಿ ಅವರಿಗೆ ಹೋಯಿತು. ಅದೇ ಮೆಖಿಸಿ ಎರಡು ವರ್ಷ ಮೊದಲು ಜ್ಯೂರಿಕ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಗೆಲುವು ಖಚಿತವಾದ ಖುಷಿಯಲ್ಲಿ ಕೊನೆಯ ತಡೆಗೆ ಮೊದಲೇ ಬನಿಯನ್ ಕಳಚಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಡೆ ಹಾರಿ, ಮೊದಲಿಗರಾಗಿ ಗೆರೆ ದಾಟಿ, ಬನಿಯನ್ ಕಳಚಿದ್ದಕ್ಕೇ ಚಿನ್ನ ಕಳೆದುಕೊಂಡಿದ್ದರು. ಸಿಟ್ಟನ್ನು ಅವರು ಅದೇ ಕೂಟದ 1500 ಮೀಟರ್ ಓಟದ ಮೇಲೆ ತೀರಿಸಿಕೊಂಡು ಅಲ್ಲಿ ಚಿನ್ನ ಗೆದ್ದರು.

ಕಳೆದ ಆರೇಳು ವರ್ಷಗಳ ಫೈನಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನ್ನ ವಾದ ಸ್ಪಷ್ಟವಾಗುತ್ತದೆ. 2019ರಲ್ಲಿ ದೋಹಾದಲ್ಲಿ ಗಿರ್ಮಾ ಇನ್ನೂ ಹದಿನೆಂಟರ ಹುಡುಗ. ಕೊನೆಯ ತಡೆಯ ನಂತರ ಅವರೂ ಕೆನ್ಯಾದ ಕಾನ್ಸೆಸ್ಲಸ್ ಕಿಪ್ರುಟೊ ಅವರೂ ಜೋಡಿಯಾಗಿ ಗೆರೆಯತ್ತ ಬಂದರು. ಕಿಪ್ರುಟೊ ಎದೆ ಮುಂದೆ ಚಾಚಿದರು, 8:01.35 ಮತ್ತು 8:01.36. ಒಂದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಚಿನ್ನ ತಪ್ಪಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎಲ್ ಬಕ್ಕಾಲಿ 8:08.90ರಲ್ಲಿ ಗೆದ್ದು, 1980ರ ನಂತರ ಈ ಒಲಿಂಪಿಕ್ ಚಿನ್ನ ಪಡೆದ ಕೆನ್ಯಾದಾಚೆಯ ಮೊದಲಿಗರಾದರು. 2022ರ ಯೂಜೀನ್ ಫೈನಲ್ ಇನ್ನೂ ನಿಧಾನ. ಓಟದ ನಡುವೆ ಒಬ್ಬ ಕ್ಯಾಮೆರಾದವರು ಬೇರೆಲ್ಲೋ ನೋಡುತ್ತ ಟ್ರ್ಯಾಕಿನ ಮೇಲೆಯೇ ನಿಂತಿದ್ದರು, ಓಟಗಾರರು ಅವರನ್ನು ಬಳಸಿಕೊಂಡು ಎರಡು ಕಡೆಯಿಂದ ಸಾಗಬೇಕಾಯಿತು. ಮೂವತ್ತೈದು ತಡೆಗಳ ಮೇಲೆ ಮೂವತ್ತಾರನೆಯದು. ಎಲ್ ಬಕ್ಕಾಲಿ ಅಲ್ಲಿ ಗೆದ್ದ ಕಾಲ 8:25.13.

ಎಲ್ ಬಕ್ಕಾಲಿ ಗೆಲ್ಲುವ ಬಗೆಯನ್ನು ಗಮನಿಸಿ. ಎತ್ತರದ ಆಳು, ಉದ್ದದ ಕಾಲು. ಓಟದ ಬಹುಭಾಗ ಅವರು ಗುಂಪಿನ ಹೊರ ಅಂಚಿನಲ್ಲಿ ಇರಲು ಬಯಸುತ್ತಾರೆ. ಹೊರಗೆ ಓಡಿದರೆ ತಿರುವುಗಳಲ್ಲಿ ಕೆಲವು ಮೀಟರು ಹೆಚ್ಚು ದೂರ ಓಡಬೇಕು, ಆದರೆ ತಡೆ ಕಣ್ಣಿಗೆ ಕಾಣುತ್ತದೆ, ಎದುರು ಜಾಗ ಇರುತ್ತದೆ, ಯಾರಾದರೂ ಬಿದ್ದರೆ ಅವರ ಮೇಲೆ ಬೀಳುವ ಭಯವಿಲ್ಲ. ಆ ಹೆಚ್ಚುವರಿ ಮೀಟರುಗಳನ್ನು ಅವರು ವಿಮೆಯ ಕಂತಿನಂತೆ ಮೊದಲೇ ಕಟ್ಟಿಬಿಡುತ್ತಾರೆ. ಕೊನೆಯ ಸುತ್ತಿನ ನೀರಿನ ಜಿಗಿತಕ್ಕೆ ಬರುವಾಗ ಮೊದಲ ಇಬ್ಬರಲ್ಲಿ ಒಬ್ಬರಾಗಿರುವುದು ಅವರ ಗುರಿ. ಅಲ್ಲಿಂದ ಮುಂದೆ ಉಳಿಯುವುದು ಒಂದೇ ತಡೆ, ಅದರ ನಂತರ ಸುಮಾರು 70 ಮೀಟರು ಬಯಲು.

ಪ್ಯಾರಿಸ್ ಒಲಿಂಪಿಕ್ಸ್ 2024ರಲ್ಲಿ ಈ ಎಲ್ಲ ಲೆಕ್ಕವನ್ನು ಅಮೆರಿಕದ ಕೆನೆತ್ ರೂಕ್ಸ್ ಹೆಚ್ಚುಕಡಿಮೆ ತಲೆಕೆಳಗು ಮಾಡಿದರು. ಅವರ ಅಲ್ಲಿಯವರೆಗಿನ ಶ್ರೇಷ್ಠ ಕಾಲ 8:15.08, ಪದಕದ ಮಾತಿನಲ್ಲಿ ಅವರ ಹೆಸರನ್ನು ಯಾರೂ ಎತ್ತಿರಲಿಲ್ಲ. ಕೊನೆಯ ಸುತ್ತು ಆರಂಭವಾಗುತ್ತಿದ್ದಂತೆ ಅವರು ಎಲ್ಲರನ್ನೂ ದಾಟಿ ಮುಂದೆ ಹಾರಿದರು. ಅದೇ ಸುತ್ತಿನಲ್ಲಿ ಗಿರ್ಮಾ ತಡೆಗೆ ಕಾಲು ತಗುಲಿ ಭಾರಿಯಾಗಿ ಬಿದ್ದರು, ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಬೇಕಾಯಿತು. ಎಲ್ ಬಕ್ಕಾಲಿ 8:06.05ರಲ್ಲಿ ಚಿನ್ನ ಉಳಿಸಿಕೊಂಡರು, ಇಸೊ-ಹೊಲ್ಲೊ ಅವರ ನಂತರ ಸತತ ಎರಡು ಒಲಿಂಪಿಕ್ಸ್ ಗೆದ್ದ ಮೊದಲ ಸ್ಟೀಪಲ್‌ಚೇಸ್ ಓಟಗಾರರಾದರು, ರೂಕ್ಸ್ 8:06.41ರಲ್ಲಿ ಬೆಳ್ಳಿ, ಕೆನ್ಯಾದ ಅಬ್ರಹಾಂ ಕಿಬಿವೊಟ್ ಕಂಚು. ಒಂದೇ ಓಟದಲ್ಲಿ ರೂಕ್ಸ್ ತಮ್ಮ ಕಾಲವನ್ನು ಎಂಟು ಸೆಕೆಂಡಿಗೂ ಹೆಚ್ಚು ಇಳಿಸಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲ್ ಬಕ್ಕಾಲಿ ಅವರೇ ತಮ್ಮ ಔಷಧದ ರುಚಿ ನೋಡಿದರು. ನ್ಯೂಜಿಲೆಂಡಿನ ಜಾರ್ಡಿ ಬೀಮಿಷ್ ಹೀಟ್ಸ್‌ನಲ್ಲಿಯೇ (ಫೈನಲ್‌ಗೆ ಆಯ್ಕೆ ಮಾಡುವ ಅರ್ಹತಾ ಓಟಗಳಲ್ಲಿ) ಬಿದ್ದು, ಇನ್ನೊಬ್ಬರ ಸ್ಪೈಕ್ ಮುಖಕ್ಕೆ ತಾಗಿಸಿಕೊಂಡು, ಎದ್ದು ಓಡಿ ಫೈನಲ್‌ಗೆ ಬಂದಿದ್ದರು. ಫೈನಲ್ ಎಷ್ಟು ನಿಧಾನವಾಯಿತೆಂದರೆ ಗೆದ್ದವರ ಕಾಲ ಎಂಟೂವರೆ ನಿಮಿಷ ಮೀರಿತು. ಬೀಮಿಷ್ 2024ರಲ್ಲಿ 1500 ಮೀಟರಿನ ವಿಶ್ವ ಒಳಾಂಗಣ ಚಾಂಪಿಯನ್ ಆಗಿದ್ದವರು. ನಿಧಾನದ ಸ್ಟೀಪಲ್‌ಚೇಸ್ ಅಂಥವರಿಗೆ ಹೇಳಿ ಮಾಡಿಸಿದ್ದು. ಕೊನೆಯ ನೇರದಲ್ಲಿ ಮುಂದಿದ್ದ ಎಲ್ ಬಕ್ಕಾಲಿ ಅವರನ್ನು ಗೆರೆಯ ಹತ್ತಿರ ಹಿಡಿದು ದಾಟಿದರು. ಅಂದು ಬೇರೆ ಯಾರಾದರೂ ಆರಂಭದಿಂದ ವೇಗವಾಗಿ ಓಡಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತೇನೋ. ಆದರೆ ಹಾಗೆ ಓಡುವ ಧೈರ್ಯ ಯಾರಿಗೂ ಇರಲಿಲ್ಲ, ಇದ್ದಿದ್ದರೂ ಅದರ ಲಾಭ ಬೆನ್ನಿಗಿದ್ದವರಿಗೆ ಸಿಗುತ್ತಿತ್ತು ಎಂಬುದೇ ಈ ಸ್ಪರ್ಧೆಯ ಇಕ್ಕಟ್ಟು.

ನಮ್ಮವರ ವಿಷಯಕ್ಕೆ ಬರುತ್ತೇನೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡ್ವಾ ಗ್ರಾಮದ ರೈತ ಕುಟುಂಬದಿಂದ ಬಂದ, ಸೇನೆಯ ಮಹಾರ್ ರೆಜಿಮೆಂಟಿನ ಯೋಧ ಅವಿನಾಶ್ ಸಾಬ್ಳೆ 2018ರಲ್ಲಿ ಭುವನೇಶ್ವರದಲ್ಲಿ ಗೋಪಾಲ್ ಸೈನಿ ಅವರ 1981ರ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಅಲ್ಲಿಂದ ಮುಂದೆ ತಮ್ಮದೇ ದಾಖಲೆಯನ್ನು ಮತ್ತೆ ಮತ್ತೆ ತಿದ್ದುತ್ತ 2024ರ ಜುಲೈನಲ್ಲಿ ಪ್ಯಾರಿಸ್ ಡೈಮಂಡ್ ಲೀಗ್‌ನಲ್ಲಿ 8:09.91ಕ್ಕೆ ತಂದರು. ನಮ್ಮ ಪತ್ರಿಕೆಗಳು ಈ ದಾಖಲೆಗಳನ್ನೇ ದೊಡ್ಡದಾಗಿ ಅಚ್ಚು ಹಾಕಿದವು, ಅದು ತಪ್ಪಲ್ಲ. ಆದರೆ ನನಗೆ ಹೆಚ್ಚು ಪಾಠ ಹೇಳುವುದು 2022ರಲ್ಲಿ ಅವರು ಓಡಿದ ಮೂರು ಓಟಗಳು. ಜೂನ್‌ನಲ್ಲಿ ರಬಾತ್‌ನಲ್ಲಿ, ವೇಗದ ಓಟದಲ್ಲಿ, 8:12.48. ಜುಲೈನಲ್ಲಿ ಯೂಜೀನ್ ಫೈನಲ್‌ನಲ್ಲಿ 8:31.75, ಹನ್ನೊಂದನೆಯ ಸ್ಥಾನ. ಅಂದು ಚಿನ್ನ ಗೆದ್ದ ಕಾಲ 8:25 ಎಂಬುದನ್ನು ನೆನಪಿಡಿ. ಅದಕ್ಕಿಂತ ಹನ್ನೆರಡು ಸೆಕೆಂಡು ವೇಗವಾಗಿ ಓಡಬಲ್ಲವರು ಹನ್ನೊಂದನೆಯವರಾದರು. ನಿಧಾನದ ಗುಂಪು, ಕೊನೆಯ ಸುತ್ತಿನ ಹಠಾತ್ ಏರಿಕೆ, ಇವೆರಡೂ ಅವರಿಗೆ ಆಗ ಒಗ್ಗಿರಲಿಲ್ಲ. ಮೂರು ವಾರ ತುಂಬುವ ಮೊದಲೇ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ. 1998ರಿಂದ 2018ರವರೆಗಿನ ಆರು ಕೂಟಗಳಲ್ಲಿ ಈ ಸ್ಪರ್ಧೆಯ ಮೂರಕ್ಕೆ ಮೂರೂ ಪದಕಗಳನ್ನು ಕೆನ್ಯಾ ಬೇರೆಯವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಅಲ್ಲಿ ಸಾಬ್ಳೆ ಕೆನ್ಯಾದವರ ಬೆನ್ನಿಗೆ ಬಿದ್ದು ಓಡಿ, ಕೊನೆಯಲ್ಲಿ ಕಿಬಿವೊಟ್ ಅವರನ್ನು ಅಟ್ಟಿಸಿಕೊಂಡು ಬಂದು 8:11.20ರಲ್ಲಿ ಬೆಳ್ಳಿ ಪಡೆದರು. ಚಿನ್ನಕ್ಕೂ ಅವರಿಗೂ ನಡುವೆ ಇದ್ದದ್ದು 0.05 ಸೆಕೆಂಡು.

ಮುಂದಿನ ವರ್ಷ ಬುಡಾಪೆಸ್ಟ್‌ನಲ್ಲಿ ಇನ್ನೊಂದು ಪಾಠ. ಹಿಂದೆ ಹೀಟ್ಸ್‌ನಲ್ಲಿ ಸ್ಥಾನದ ಜೊತೆಗೆ ಉತ್ತಮ ಕಾಲ ಮಾಡಿದವರಿಗೂ ಫೈನಲ್‌ಗೆ ದಾರಿಯಿತ್ತು. ಈಗ ಮೂರು ಹೀಟ್‌ಗಳಲ್ಲಿ ತಲಾ ಮೊದಲ ಐವರು, ಅಷ್ಟೇ. ಸಾಬ್ಳೆ ಏಳನೆಯವರಾಗಿ ಹೊರಬಿದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಗುಂಪಿನ ಗೊಡವೆಯೇ ಬೇಡವೆಂದು ಮುಂದೆ ನಿಂತು ಓಡಿ 8:19.50ರಲ್ಲಿ ಚಿನ್ನ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್ ಹೀಟ್‌ನಲ್ಲಿ ಸರಿಯಾಗಿ ಐದನೆಯವರಾಗಿ ಬಂದು, ಈ ಸ್ಪರ್ಧೆಯ ಒಲಿಂಪಿಕ್ ಫೈನಲ್ ಓಡಿದ ಮೊದಲ ಭಾರತೀಯ ಪುರುಷರಾದರು. ಫೈನಲ್‌ನಲ್ಲಿ ಹನ್ನೊಂದನೆಯ ಸ್ಥಾನ, 8:14.18. 2025ರ ಜುಲೈನಲ್ಲಿ ಮೊನಾಕೊದಲ್ಲಿ ಬಿದ್ದು ಮೊಣಕಾಲಿನ ಗಾಯಕ್ಕೆ ಒಳಗಾದ ಕಾರಣ ಟೋಕಿಯೊದ ಆ ನಿಧಾನದ ಫೈನಲ್‌ನಲ್ಲಿ ಅವರು ಇರಲಿಲ್ಲ.

ಉಪನ್ಯಾಸದ ಕೊನೆಯಲ್ಲಿ ಶಿಕ್ಷಕರೊಬ್ಬರು, ತಮ್ಮ ತಾಲ್ಲೂಕಿನ ಮೈದಾನದಲ್ಲಿ ನೀರಿನ ಗುಂಡಿಯೂ ಇಲ್ಲ, ತಡೆಗಳೂ ಇಲ್ಲ, ಹುಡುಗರಿಗೆ ಇದನ್ನು ಕಲಿಸುವುದು ಹೇಗೆ ಎಂದು ಕೇಳಿದರು. ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ನೀರು ಬೇಕಾಗಿಲ್ಲ, ಉದ್ದ ಜಿಗಿತದ ಮರಳಿನ ಗುಂಡಿಯ ಅಂಚಿಗೆ ಒಂದು ಗಟ್ಟಿ ತಡೆಯನ್ನು ಅಲುಗಾಡದಂತೆ ನಿಲ್ಲಿಸಿ ಅಭ್ಯಾಸ ಮಾಡಿಸುವುದು ಎಲ್ಲ ಕಡೆ ಇರುವ ಪದ್ಧತಿ, ಮರಳು ಮೊಣಕಾಲಿಗೂ ಒಳ್ಳೆಯದು. ಮೊದಲು ತಡೆ ಗಿಡ್ಡವಾಗಿರಲಿ, ದಿಮ್ಮಿಯ ಮೇಲೆ ಪಾದ ಊರಿ ಮೊಣಕಾಲು ಮಡಿಚಿಯೇ ಮುಂದೆ ಸಾಗುವುದು ಅಭ್ಯಾಸವಾದ ಮೇಲೆ ಎತ್ತರಿಸಬಹುದು. ಬೀಳುವ ಹರ್ಡಲ್‌ಗಳ ಮೇಲೆ ಮಾತ್ರ ಅಭ್ಯಾಸ ಮಾಡಿದ ಹುಡುಗನಿಗೆ ಬೀಳದ ತಡೆ ಮೊದಲ ಸಲ ಸ್ಪರ್ಧೆಯಲ್ಲೇ ಎದುರಾಗುವಂತೆ ಮಾಡಬೇಡಿ. ಎಡಗಾಲು, ಬಲಗಾಲು ಎರಡರಲ್ಲೂ ಹಾರಿಸಿ. ಇನ್ನೊಂದು, ನಮ್ಮಲ್ಲಿ ಅತಿ ಕಡಿಮೆ ನಡೆಯುವಂಥದ್ದು: ಒಬ್ಬೊಬ್ಬರನ್ನೇ ಬಿಡದೆ ಆರೇಳು ಹುಡುಗರನ್ನು ಭುಜಕ್ಕೆ ಭುಜ ತಾಗುವಂತೆ ಒಟ್ಟಿಗೆ ಒಂದೇ ತಡೆಯತ್ತ ಓಡಿಸಿ, ಪ್ರತಿ ಸುತ್ತಿನಲ್ಲೂ ಜಾಗ ಬದಲಿಸಿ, ಎಲ್ಲರಿಗಿಂತ ಚೆನ್ನಾಗಿ ಓಡುವ ಹುಡುಗನನ್ನು ಹೆಚ್ಚು ಹೊತ್ತು ನಡುವಿನ ಜಾಗದಲ್ಲೇ ಇಡಿ.